ಬಟಾಟಿ ಕಜ್ಜಿ ಮತ್ತ ನಮ್ಮ ಮಾಮಾನ ಬೀಗರು

ನಮ್ಮ ಮಾಮಾಗ ಮದಿವಿ ಆಗಿಲ್ಲ. ಹೆಣ್ತಿ ಇಲ್ಲ, ಮಕ್ಕಳಿಲ್ಲ, ಆದ್ರ ಬೀಗರು ಮಾತ್ರ ಕೋಟಿಗಟ್ಟಲೆ ಅದಾರ! ಸುಳ್ಳಂತೀರೇನು? ಖಾನಾಪುರಕ್ಕ ಹೋಗಿ ಅಂವನ ಹೊಲದಾಗ ಒಂದ ಚಿಮಟಿ ಮಣ್ಣ ಎತ್ಕೊಂಡ ನೋಡ್ರಿ. ನಾಕ ಮದಿವಿಗೆ ಸಾಲೂವಷ್ಟ ಬೀಗರು ನಿಮ್ಮ ಬೆರಳಿನ ಮ್ಯಾಲೆ ಕುಂತಿರ್ತಾರ.

ಈ ಬೀಗರು ಮತ್ಯಾರೂ ಅಲ್ಲ, ಬಟಾಟಿಗೆ ಕಜ್ಜಿ ಹಚ್ಚೂ ಬ್ಯಾಕ್ಟೀರಿಯಾ. ಮಣ್ಣಾಗ ಇರ್ತಾವು. ಗಡ್ಡಿ ಸಣ್ಣದಿದ್ದಾಗ ಸಿಪ್ಪಿಗೆ ಅಂಟಕೊಂಡು, ನಾವು ಅಗದ ತಗಿಯೂದ್ರಾಗ ಮೈತುಂಬ ಹಕ್ಕಳಿ ಎಬ್ಬಿಸಿ ಇಟ್ಟಿರ್ತಾವು. ಬ್ಯಾರೆ ರೈತರು ಇದನ್ನ ನೋಡಿದ್ರ ಹಣಿ ಹಣಿ ಬಡಕೋತಾರ. ನಮ್ಮ ಮಾಮಾ? "ಕರೀದನ ಬಂದಾರ ಬೀಗರು. ಬಂದಾವರಿಗೆ ಹೋಗ್ರಿ ಅಂತ ಹೆಂಗ ಅನ್ಲಿ?" ಅಂತಾನ!

ಮಾಮಾ ಅಂದ್ರ ನಮ್ಮವ್ವನ ತಮ್ಮ. ಲೋಂಡಾ ಸ್ಟೇಶನ್‌ದಾಗ ಮೂವತ್ತೈದ ವರ್ಷ ಹಸರ ಬಾವುಟ ತೋರಿಸಿದಾಂವ. ಗೋವಾಕ ಹೋಗಾವರನ್ನ ಗೋವಾಕ, ಹುಬ್ಬಳ್ಳಿಗೆ ಹೋಗಾವರನ್ನ ಹುಬ್ಬಳ್ಳಿಗೆ ಕಳಸಿಕೋತ ನಿಂತ, ಅಂವನ ಸಲುವಾಗಿ ಒಬ್ಬರೂ ಗಾಡಿ ಇಳೀಲಿಲ್ಲ. ರಿಟಾಯರ್ ಆದ ಮ್ಯಾಲೆ ಖಾನಾಪುರದ ಅಂಚಿಗೆ ಅರ್ಧಾ ಎಕರೆ ತಗೊಂಡು ಬಟಾಟಿ ಹಚ್ಚಿದ. ನಮ್ಮವ್ವ ತೀರಿಕೊಂಡ ಮ್ಯಾಲೆ ಅಂವಗ ನನ್ನ ಬಿಟ್ರ ಯಾರೂ ಇಲ್ಲ, ನನಗೂ ಅಂವನ್ನ ಬಿಟ್ರ ಯಾರೂ ಇಲ್ಲ. ನಾ ಬೆಳಗಾವಿ ಸದಾಶಿವನಗರದಾಗ ಒಂದ ಖೋಲಿ ಹಿಡದೀನಿ. ಮಣ್ಣು ಮತ್ತ ಬೆಳಿ ರೋಗ ಪರೀಕ್ಷಾ ಮಾಡೂ ಲ್ಯಾಬಿನ್ಯಾಗ ಕೆಲಸ. ಅಂದ್ರ ಬ್ಯಾಕ್ಟೀರಿಯಾ ಅಂವಗ ಬೀಗರು, ನನಗ ಪಗಾರ!

ಮೊದಲನೇ ಸಲ ಕಜ್ಜಿ ಬಂದಾಗ ಒಂದ ಬಟಾಟಿ ವಸ್ತ್ರದಾಗ ಸುತ್ತಿ, ಬಸ್ಸಿನ್ಯಾಗ ತೊಡಿ ಮ್ಯಾಲೆ ಜ್ವಾಕಿಯಿಂದ ಇಟ್ಕೊಂಡು ನಮ್ಮ ಲ್ಯಾಬಿಗೆ ಬಂದ. ಬಾಜೂಕ ಕುಂತ ಹೆಣ್ಮಗಳು "ಕೂಸಿಗೆ ಎಷ್ಟ ತಿಂಗಳರಿ?" ಅಂತ ಕೇಳಿದಳಂತ. ಇದು ಮಾಮಾ ಹೇಳಿದ್ದು, ನಾ ಅರ್ಧಾ ನಂಬೀನಿ. ಆ ಕಜ್ಜಿ ಕೆರದು, ಗಾಜಿಗೆ ಹಚ್ಚಿ, ಮೈಕ್ರೋಸ್ಕೋಪಿನ್ಯಾಗ ತೋರಿಸಿದೆ. ಸಣ್ಣ ಸಣ್ಣ ಎಳಿ, ದಾರದಂಗ, ಒಂದಕ್ಕೊಂದು ಹೆಣಕೊಂಡಿದ್ವು. ಒಂದ ಕಣ್ಣ ಮುಚ್ಚಿ ನೋಡಾಕ ಬಗ್ಗಿದ ಮಾಮಾ ತಲಿ ಎತ್ತಲೇ ಇಲ್ಲ. ಹತ್ತ ಮಿನಿಟಾತು, ಇಪ್ಪತ್ತ ಮಿನಿಟಾತು.

"ಮಾಮಾ, ಸಾಕ ಏಳ. ನಮ್ಮ ಸಾಹೇಬ್ರು ನೋಡಾಕತ್ತಾರ."

"ತಡಿಯವ್ವಾ. ಇದ್ರಾಗ ಒಬ್ಬನ ಇದ್ದಾಂವ ಯಾರರೆ ಸಿಗ್ತಾನೇನಂತ ಹುಡಕಾಕತ್ತೀನಿ."

"ಸಿಕ್ಕನೇನ?"

"ಇಲ್ಲ. ಎಲ್ಲಾರೂ ಕೂಡೇ ಅದಾರ."

ನಾ ನಕ್ಕೆ. ಸಾಹೇಬ್ರೂ ನಕ್ರು. ಮಾಮಾ ವಸ್ತ್ರ ಮಡಚಿ ಕಿಸೇದಾಗ ಇಟ್ಕೊಂಡ.

ಅವತ್ತಿಂದ ನನ್ನ ರವಿವಾರ ಎಲ್ಲಾ ಖಾನಾಪುರದ ಪಾಲಾದ್ವು. ನಮ್ಮ ಕಡೆ ಯಾವ ರೋಗ ಬಂದ್ರೂ ಒಂದ ಬುಟ್ಟಿ ಒಲಿ ಬೂದಿ ಒಗದ್ರ ಆತು ಅಂತ ತಿಳಕೊಂಡಾರ. ಬಟಾಟಿ ಕಜ್ಜಿಗೆ ಬೂದಿ ಅಂದ್ರ ಇರವಿಗೆ ಬೆಲ್ಲಾ ಇಟ್ಟಂಗ! "ಮಾಮಾ, ಇಲ್ಲಿ ಮಣ್ಣ ಮೊದಲ ಹುಳಿ. ಹುಳಿ ಮಣ್ಣ ಈ ರೋಗಕ್ಕ ಆಗಿಬರೂದಿಲ್ಲ. ನೀ ಬೂದಿ ಹಾಕಿ ಹಾಕಿ ಆ ಹುಳೀನ ಕೆಡಿಸೀದಿ. ಬೂದಿ ಬ್ಯಾಡ, ಸುಣ್ಣ ಅಂತೂ ಬ್ಯಾಡೇ ಬ್ಯಾಡ. ಗಡ್ಡಿ ಕಟ್ಟೂ ಹೊತ್ತಿನ್ಯಾಗ ಮಣ್ಣ ಒಣಗಸಬ್ಯಾಡ" ಅಂತ ಹೇಳ್ತಿದ್ದೆ. ಮಾಮಾ ಸಾಲಿ ಹುಡುಗನಂಗ ಎಲ್ಲಾ ನೋಟಬುಕ್ಕಿನ್ಯಾಗ ಬರಕೋತಿದ್ದ. ಒಂದ ಅಕ್ಷರ ಬಿಡ್ತಿದ್ದಿಲ್ಲ.

ಒಂದ ರವಿವಾರ ಮೊದಲನೇ ಮಳಿ ಬಿತ್ತು. ನಾ ಉಸರ ಎಳಕೊಂಡು, "ಮಾಮಾ, ಈ ಮಣ್ಣಿನ ವಾಸನಿ ಬರ್ತೈತಲ್ಲ, ಇದೂ ಇವುಗಳ ಕುಲದ ಬ್ಯಾಕ್ಟೀರಿಯಾನ ಮಾಡೂದು" ಅಂದೆ. ಮಾಮಾ ಕಟ್ಟಿ ಮ್ಯಾಲಿಂದ ಜಿಗದ ಎದ್ದ. "ನೋಡಿದಿ? ಬೀಗರ ಮನಿತನ ಭಾಳ ಚಲೋ ಐತಿ! ನೀನ ಒಪ್ಪಿಕೊಂಡಿ!"

ಮನಿತನ ಚಲೋ ಇದ್ರ ಸಂತ್ಯಾಗ ಯಾರು ಕೇಳ್ತಾರ? ಅಲ್ಲೆ ಒಬ್ಬಾಕಿ ಮರಾಠಿ ಬಾಯಿ ನಮ್ಮ ಬಟಾಟಿ ಹೊಳ್ಳಿಸಿ ಹೊಳ್ಳಿಸಿ ನೋಡಿ, ಇದಕ್ಕೇನ ಸಿಡಬ ಬಂದೈತೇನು ಅಂತ ಕೇಳಿದಳು. ಮಾಮಾ ತನ್ನ ಹರಕ ಮುರಕ ಮರಾಠಿಯೊಳಗ, "ಸಿಪ್ಪಿ ನೋಡಬ್ಯಾಡ್ರಿ ಬಾಯಿ, ಒಳಗಿನ ಮನಸ ನೋಡ್ರಿ" ಅಂದ. "ಮನಸ ತಗೊಂಡ ಪಲ್ಯಾ ಮಾಡ್ಲೇನು?" ಅಂತ ಆಕಿ ಮುಂದಿನವರ ಕಡೆ ಹ್ವಾದಳು. ಅರ್ಧಾ ಚೀಲ ಹಂಗ ವಾಪಸ್ ಬಂತು. ಎಂಟ ದಿನ ಮಾಮಾನ ಮನ್ಯಾಗ ಬಟಾಟಿ ಪಲ್ಯಾ, ಬಟಾಟಿ ಭಜಿ, ಬಟಾಟಿ ಸಾರು! ಖರೇ ಹೇಳ್ಬೇಕಂದ್ರ ಸಿಪ್ಪಿ ಹೆರದ್ರ ರುಚಿಗೇನೂ ಕಮ್ಮಿ ಇರಲಿಲ್ಲ.

ಇನ್ನ ಅಂವನ ಪ್ರಶ್ನೆಗಳು! ನಾ ಹೊಂಟ ನಿಂತ್ರ ಸಾಕು, ಹುಟ್ಟತಿದ್ವು. ಚಪ್ಪಲಿ ಮೆಟ್ಟಿದಾಗ ಒಂದು, ಬಸ್ ಸ್ಟ್ಯಾಂಡಿನ್ಯಾಗ ಇನ್ನೊಂದು, ಬಸ್ ಹತ್ತಿ ಕುಂತ ಮ್ಯಾಲೆ ಖಿಡಕಿ ಹೊರಗಿಂದ ಮತ್ತೊಂದು. ಒಮ್ಮೆ ಕಂಡಕ್ಟರ್ ಸೀಟಿ ಊದಿದ ಮ್ಯಾಲೆ ಕೇಳಿದ: "ಯವ್ವಾ, ಈ ಬೀಗರು ಎಷ್ಟ ವರ್ಷ ಇರ್ತಾರ?"

"ಭಾಳ ವರ್ಷ, ಮಾಮಾ! ಬಟಾಟಿ ಹಚ್ಚದಿದ್ರೂ ಇರ್ತಾವು!"

"ಅಕ್ಕಾರ, ನಿಮ್ಮ ಬೀಗರ ಜಗಳ ಫೋನಿನ್ಯಾಗ ಮುಗಸ್ರಿ" ಅಂದ ಕಂಡಕ್ಟರ್. ಇಡೀ ಬಸ್ ನಕ್ಕಿತು. ಹೊಳ್ಳಿ ನೋಡಿದ್ರ ಮಾಮಾ ಬಸ್ ತಿರುವಿನ್ಯಾಗ ಮರಿಯಾಗೂತನ ನಿಂತೇ ಇದ್ದ.

ಹೋದ ವರ್ಷ ನಾ ಹಟಾ ಹಿಡದೆ. ಬಿತ್ತನಿ ಬಟಾಟಿ ನಾನ ಆರಿಸಿದೆ, ಬೂದಿ ಬಂದ್ ಮಾಡಸಿದೆ, ಯಾವಾಗ ನೀರ ಬಿಡಬೇಕಂತ ಬರದು ಗ್ವಾಡಿಗೆ ಹಚ್ಚಿದೆ. ಬಟಾಟಿ ಅಗದ್ರ ಏನ ಹೇಳ್ಲಿ, ಒಂದ ಕಲಿ ಇಲ್ಲ! ಸ್ವಚ್ಛ, ನುಣುಪು! ನಾ ಹೊಲದಾಗ ಕುಣದಾಡಿದೆ. "ಗೆದ್ವಿ ಮಾಮಾ! ಬೀಗರು ಬಾಯಿ ಮುಚ್ಚಿದ್ರು! ಇನ್ನ ನಾ ರವಿವಾರ ಆರಾಮ ಮಲಗ್ತೀನಿ!"

ಮಾಮಾ ಒಂದ ಬಟಾಟಿ ಕೈಯಾಗ ಹಿಡದು ಭಾಳೊತ್ತು ತಿಕ್ಕಿದ. "ಚಲೋ ಆತು" ಅಂದ. ಅಷ್ಟ. ಅವತ್ತ ನಾ ಬಸ್ ಹತ್ತಿದಾಗ ಒಂದೂ ಪ್ರಶ್ನೆ ಕೇಳಲಿಲ್ಲ.

ನಾ ಖರೇನ ಮಲಗಿದೆ. ರವಿವಾರ ಅಂದ್ರ ಅರಬಿ ಒಗಕೊಳ್ಳೂದು, ಮೊಬೈಲ್ ತಿಕ್ಕೂದು, ತಿರಗೂ ಫ್ಯಾನ್ ನೋಡಕೋತ ಬಿದ್ದಿರೂದು. ಮಾತಾಡಾಕ ಒಂದ ನರಪಿಳ್ಳಿ ಇಲ್ಲ. ಖಾನಾಪುರಕ್ಕರೆ ಹೋಗೂಣು ಅನಸ್ತಿತ್ತು. ಆದ್ರ ಹೋಗಿ ಏನ ಮಾಡೂದು? ರೋಗ ಇಲ್ಲ, ಕೆಲಸ ಇಲ್ಲ! ಮಾಮಾಗ ಹುಚ್ಚಂತ ನಗತಿದ್ದಾಕಿ, ನಾ ಎಂಥಾ ಶ್ಯಾಣ್ಯಾಕಿ ನೋಡ್ರಿ.

ಮುಂದಿನ ಬೆಳಿ ಅಗದ ದಿನ ಫೋನ್ ಬಂತು. "ಯವ್ವಾ! ಬೀಗರು ಬಂದ್ರು! ಮೊದಲಿಗಿಂತ ಹೆಚ್ಚ ಬಂದಾರ! ರವಿವಾರ ಬರ್ತಿ ಹೌದಿಲ್ಲೋ?" ಬೆಳಿಗೆ ರೋಗ ಬಂತಂತ ಇಷ್ಟ ಸಂತೋಷ ಪಟ್ಟ ರೈತನ್ನ ನಮ್ಮ ಲ್ಯಾಬ್ ಇನ್ನೂ ಕಂಡಿಲ್ಲ.

ರವಿವಾರ ಹೋಗಿ ಒಂದ ಚೀಲ ಮಣ್ಣ ತಂದೆ. ಪರೀಕ್ಷಾ ಮಾಡಿದ್ರ ಹುಳಿ ಎಲ್ಲಾ ಹೋಗಿ ಸುಣ್ಣದಂಶ ತುಂಬಕೊಂಡೈತಿ! ಖಾನಾಪುರದಾಗ ಸುಣ್ಣದ ಮಳಿ ಆಗಿತ್ತೇನು? ಬುಧವಾರ ರಜಾ ಹಾಕಿ, ಹೇಳದ ಕೇಳದ ಹ್ವಾದೆ. ಮಾಮಾ ಬೆನ್ನ ಮಾಡಿ ನಿಂತಿದ್ದ. ಬದುವಿನ ಮ್ಯಾಲೆ ಓಣಿ ಮಂದಿ ಒಲಿಯಿಂದ ಕೂಡಿಹಾಕಿದ ಬೂದಿ ಚೀಲ, ಬಾಜೂಕ ಸುಣ್ಣದ ಪುಡಿ. ಎರಡೂ ಬುಟ್ಟ್ಯಾಗ ಕಲಸಿ ಸಾಲ ಸಾಲ ಉಗ್ಗಾಕತ್ತಿದ್ದ. ಮುಂದಿನ ಬೆಳಿಗೆ ತಯಾರಿ!

"ಮಾಮಾ!" ಅಂತ ಚೀರಿದೆ. ಅಂವ ಹೊಳ್ಳಿದ. ಮೀಸಿ, ಹುಬ್ಬು ಎಲ್ಲಾ ಬೂದಿ.

"ನಿನಗೇನ ಹುಚ್ಚ ಹಿಡದೈತೇನು? ಬ್ಯಾಡಂತ ನೂರಾ ಎಂಟ ಸಲ ಹೇಳೀನಿ! ಬರಕೊಂಡಿದ್ದಿಲ್ಲ?"

"ಬರಕೊಂಡೀನಿ. ಅದನ್ನ ನೋಡೇ ಹಾಕಾಕತ್ತೀನಿ."

"ಯಾಕ?"

ಮಾಮಾ ನೆಲಾ ನೋಡಿದ. ಸಣ್ಣ ದನಿಲೆ ಅಂದ: "ಹೋದ ಸಲ ಬಟಾಟಿ ಚಲೋ ಬಂದ್ವು, ಯವ್ವಾ. ಆಮ್ಯಾಲ ನೀ ಐದ ತಿಂಗಳ ಬರ್ಲಿಲ್ಲ."

ಬೈಯಾಕಂತ ಬಂದಾಕಿ ಬದುವಿನ ಮ್ಯಾಲೆ ಕುಂತಬಿಟ್ಟೆ. ಮಂದಿ ಮಣ್ಣಿನ್ಯಾಗ ಏನ ಕಮ್ಮಿ ಐತಿ ಅಂತ ದಿನಾ ಹೇಳಾಕಿ ನಾ, ನಮ್ಮ ಮಾಮಾಗ ಏನ ಕಮ್ಮಿ ಐತಿ ಅಂತ ತಿಳೀಲಿಲ್ಲ. ನನ್ನ ಮ್ಯಾಲೆ ನನಗ ಸಿಟ್ಟ ಬಂತು, ಅಳೂನೂ ಬಂತು.

"ಮಾಮಾ, ರೋಗ ಬರಲಿ ಬಿಡ್ಲಿ, ನಾ ರವಿವಾರ ಬರ್ತೀನಿ."

"ಬಂದ ಏನ ಮಾಡ್ತಿ? ಕೆಲಸ ಇರೂದಿಲ್ಲಲ್ಲ?"

"ಏನೂ ಮಾಡೂದಿಲ್ಲ. ನಿನ್ನ ನೋಡಾಕ ಬರ್ತೀನಿ."

ಮಾಮಾ ಬುಟ್ಟಿ ಕೆಳಗಿಟ್ಟ. ನಾ ಚ್ಯಾಷ್ಟಿ ಮಾಡಾಕತ್ತೀನೇನೋ ಅನ್ನೂವಂಗ ನನ್ನ ಮಾರಿ ನೋಡಿದ.

"ಬರೇ ನನ್ನ ನೋಡಾಕ?" ಅಂದ.