ತೊಡೆಯಿಂದ ತಲೆಗೆ ಸುತ್ತುದಾರಿ

ನಮ್ಮ ಮನೆಯವರಿಗೆ ನಗು ಬರುವುದೇ ನಗಬಾರದ ಹೊತ್ತಿನಲ್ಲಿ. ನಾನು ನಿಟ್ಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು. ನನ್ನ ತಲೆಯೊಳಗೆ ರಕ್ತನಾಳಗಳು ಗಂಟುಗಂಟಾಗಿವೆ, ಯಾವಾಗ ಬೇಕಾದರೂ ಒಡೆಯಬಹುದು ಅಂತ ಡಾಕ್ಟರು ಅಂದಾಗಲೂ ಹಾಗೇ ಆಯಿತು.

೧. ದಾರಿ

ತಲೆ ಕೊಯ್ಯುವುದಿಲ್ಲವಂತೆ. ತೊಡೆಯ ರಕ್ತನಾಳದಲ್ಲಿ ಸಣ್ಣ ನಳಿಗೆ ತೂರಿಸಿ, ಮಿದುಳಿನವರೆಗೆ ಒಯ್ದು, ಗಂಟಿಗೆ ಅಂಟು ತುಂಬಿ ಮುಚ್ಚುತ್ತಾರಂತೆ. ಇಲ್ಲೇ ಹತ್ತಿರದ ಹರಿಹರದಿಂದ ಬಂದಿದ್ದ ನಮ್ಮವ್ವ ಡಾಕ್ಟರಿಗೇ ತಗಲಿಕೊಂಡಳು.

"ತಲೆಗೆ ಹೋಗಾಕ ತೊಡೆ ಯಾಕ್ರಿ? ಇಲ್ಲಿಂದ ಹರಿಹರಕ್ಕೆ ಹೋಗೋರು ಚಿತ್ರದುರ್ಗ ಸುತ್ತಿ ಹೋಗ್ತಾರಾ?"

"ಹತ್ರದ ದಾರಿನೂ ಐತಮ್ಮ. ತಲೆಬುರುಡೆ ಕೊರೀಬೇಕು."

ಅವ್ವ ಸೆರಗು ಸರಿಮಾಡಿಕೊಂಡಳು. "ಚಿತ್ರದುರ್ಗದ ಮ್ಯಾಲೇ ಹೋಗ್ರಿ."

೨. ಕಾಲು

ಚಿಕಿತ್ಸೆ ಆಯಿತು. ಗಂಟು ಪೂರ್ತಿ ಮುಚ್ಚಿದೆಯೋ ಇಲ್ಲವೋ ನಾಳೆ ಹೇಳುತ್ತೇವೆ, ಅಲ್ಲಿಯತನಕ ಸುಮ್ಮನಿರಿ, ಸಂಜೆವರೆಗೆ ಬಲಗಾಲು ಅಲ್ಲಾಡಿಸಬೇಡಿ ಅಂದರು. ಸುಮ್ಮನಿರುವುದು ಹೇಗೆ? ಹೊಲಿಗೆ ಮಷೀನು ತುಳಿದು ರೂಢಿಯಾದ ಕಾಲು ಹಾಸಿಗೆಯನ್ನೇ ತುಳಿಯತೊಡಗಿತು. ಕೊನೆಗೆ ನಮ್ಮ ಯಜಮಾನರು ನನ್ನ ಪಾದವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕೂತರು.

ಅದೇ ಹೊತ್ತಿಗೆ ನೋಡಲು ಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತಳು. "ಆಸ್ಪತ್ರೆಯಾಗ ಕಾಲಿಗೆ ಬೀಳೋವಂಥಾದ್ದು ಏನ್ ಮಾಡೀರಿ ಅಳಿಯಂದ್ರ?"

೩. ಬಟ್ಟೆ

ದೊಡ್ಡಮ್ಮ ನನ್ನ ಜಡೆ ಮುಟ್ಟಿ ನೋಡಿದಳು. "ಕೂದ್ಲು ಹಂಗಾ ಐತೆ, ಒಂದ್ ಹೊಲಿಗಿನೂ ಇಲ್ಲ. ಇದೆಂಥಾ ತಲೆ ಆಪರೇಷನ್ನು?" ಅಂತ ಬೇಜಾರು ಮಾಡಿಕೊಂಡೇ ಹೋದಳು.

ಅವ್ವನಿಗೆ ಅವಮಾನವಾಯಿತು. ಮರುದಿನ ಬೆಳಿಗ್ಗೆ ಮನೆಯಿಂದ ನನ್ನ ಬಿಳಿ ಲೈನಿಂಗ್ ಬಟ್ಟೆ ತರಿಸಿ, ಹರಿದು, ನನ್ನ ತಲೆಗೆ ಸುತ್ತಿದಳು. "ಬಂದೋರಿಗೆ ನೋಡಾಕ ಏನಾರ ಇರಬೇಕಲ್ಲ."

ಗಂಟು ಹಾಕುವುದಕ್ಕೂ ಡಾಕ್ಟರು ಬರುವುದಕ್ಕೂ ಸರಿಹೋಯಿತು. ಅವರ ಮುಖ ಬಿಳಿಚಿಕೊಂಡಿತು. "ತಲೆಗೆ ಏನಾತು? ಎರಡೂ ಕೈ ಎತ್ತಿ! ನಿಮ್ಮ ಹೆಸರು ಹೇಳಿ!" ಅವರ ಗಾಬರಿ ನೋಡಿ ನನಗೆ ನನ್ನ ಹೆಸರೇ ಬಾಯಿಗೆ ಬರಲಿಲ್ಲ. ತಲೆಯೊಳಗಿನ ಗಂಟು ಒಡೆದೇ ಹೋಯಿತು ಅಂದುಕೊಂಡೆ.

"ಏನೂ ಆಗಿಲ್ರಿ," ಅಂದಳು ಅವ್ವ. "ನೀವು ಮಾಡಿದ್ದು ಹೊರಗ ಕಾಣಲ್ಲಲ್ಲ, ಅದಕ್ಕ ನಾನೇ ಕಟ್ಟೀನಿ."

ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. ಸುಧಾರಿಸಿಕೊಂಡು, "ಗಂಟು ಪೂರ್ತಿ ಮುಚ್ಚೈತಮ್ಮ. ಇನ್ನು ಹೆದರಬೇಡಿ. ಮೊದಲು ಆ ಬಟ್ಟೆ ಬಿಚ್ಚಿ," ಅಂದರು. ನಾನು ಅತ್ತುಬಿಟ್ಟೆ. ಅವ್ವನೂ ಅತ್ತಳು. ಅಳುತ್ತಲೇ ಡಾಕ್ಟರಿಗೆ ಕೈ ಮುಗಿದಳು.

"ಸಂಜಿಗೆ ಬಿಚ್ತೀನ್ರಿ ಸಾಹೇಬ್ರ. ಹರಿಹರದಿಂದ ನಮ್ಮೋರೆಲ್ಲ ಟೆಂಪೊ ಮಾಡ್ಕಂಡು ಹೊಂಟಾರ."