ಬೆಟಗೇರಿಯ ದಾಕ್ಷಾಯಣಿಯ ಔಕಾರ ವಿಜಯ

ಆಲಿಸಿರಿ, ಸಹೃದಯರೇ! ಅರಸರು ಸಿಂಹಾಸನದಿಂದಿಳಿದು ಕಚೇರಿಗಳು ಅಡುಗೆಮನೆಯ ಕಟ್ಟೆಯನ್ನೇರಿದ ಯುಗವದು. ಆನೆ ಕುದುರೆ ರಥಗಳ ನೆನಪಳಿದು, ಮಡಚಿದರೆ ಮುಚ್ಚುವ, ಬಿಡಿಸಿದರೆ ಬೆಳಗುವ ಲ್ಯಾಪ್‌ಟಾಪೆಂಬ ಮಾಯಾಫಲಕದಲ್ಲೇ ಸಾಮ್ರಾಜ್ಯಗಳು ನಡೆಯುತ್ತಿದ್ದ ಕಾಲವದು. ಅಂಥ ಯುಗದಲ್ಲಿ, ಮಗ್ಗಗಳ ಖಟಖಟನಿನಾದವೇ ರಣಭೇರಿಯಾಗಿ ಮೊಳಗುತ್ತಿದ್ದ ಬೆಟಗೇರಿಯ ಒಂದು ಓಣಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆಗಳ ಏಕಚ್ಛತ್ರಾಧಿಪತ್ಯವನ್ನು ವಹಿಸಿಕೊಂಡು, ಒಂದು ಕರದಲ್ಲಿ ಕೀಲಿಮಣೆಯನ್ನೂ ಮತ್ತೊಂದು ಕರದಲ್ಲಿ ಗಂಜಿಯ ಬಟ್ಟಲನ್ನೂ ಧರಿಸಿ, ಕಾಗುಣಿತದೋಷಸಂಹಾರಿಣಿಯೆಂದು ಖ್ಯಾತಳಾದ ದಾಕ್ಷಾಯಣಿಯೆಂಬ ವೀರವನಿತೆಯಿದ್ದಳು.

ಮೈಸೂರಿನ ಮಕ್ಕಳ ಪುಸ್ತಕಗಳ ಪ್ರಕಾಶನವೊಂದಕ್ಕೆ ಆಕೆ ಮನೆಯಿಂದಲೇ ಅರ್ಧ ಹೊತ್ತಿನ ಕೆಲಸ ಮಾಡುತ್ತಿದ್ದಳು. ಕೂಸು ಹುಟ್ಟಿದಾಗ ಬಿಟ್ಟ ಕೆಲಸ ಎರಡು ವರ್ಷದ ಮೇಲೆ ಮರಳಿ ಕೈಗೆ ಬಂದಿತ್ತು; ಅದೂ ಪರೀಕ್ಷೆಯ ಮೇಲೆ, ಮೂರು ತಿಂಗಳ ಮಟ್ಟಿಗೆ. ಒಂದು ಪುಟ ತಿದ್ದಿ ಮುಗಿಸಿದಾಗ ಆಕೆಗೆ ತಾನು ಯಾರದೋ ಅವ್ವ, ಯಾರದೋ ಹೆಂಡತಿ ಎಂಬುದರ ಜೊತೆಗೆ ದಾಕ್ಷಾಯಣಿಯೂ ಹೌದೆಂಬುದು ನೆನಪಾಗುತ್ತಿತ್ತು. ಆ ಗುರುವಾರ ಮಧ್ಯಾಹ್ನದ ಆನ್‌ಲೈನ್ ಮೀಟಿಂಗಿನಲ್ಲಿ ಹೊಸ ಅಕ್ಷರಮಾಲೆಯ ಚಿತ್ರವೊಂದು ತೀರ್ಮಾನವಾಗಬೇಕಿತ್ತು. ಅದರ ಕೊನೆಗೆ ಆಕೆಯ ಕೆಲಸದ ಅಳಿವು ಉಳಿವೂ.

ಇನ್ನು ಪ್ರತಿಪಕ್ಷ. ಕ್ಷೀರದಂತಪಂಕ್ತಿವಿರಾಜಿತೆ, ನಿದ್ರಾದೇವಿಯ ನಿತ್ಯವೈರಿ, ಕಂಡದ್ದನ್ನೆಲ್ಲ ಎಳೆಯುವ, ಎಳೆದದ್ದನ್ನೆಲ್ಲ ಬಾಯಿಗಿಡುವ ಪ್ರಚಂಡಪರಾಕ್ರಮಿ, ಎರಡೂವರೆ ವರ್ಷದ ಚಿನ್ಮಯಿ; ಮನೆಮಂದಿಗೆ ಚಿನ್ನಿ.

ಪಂಪ್‌ಸೆಟ್ ರಿಪೇರಿ ಅಂಗಡಿಗೆ ಹೊರಟ ಪತಿ ಮಲ್ಲಿಕಾರ್ಜುನನು ಚಪ್ಪಲಿ ಮೆಟ್ಟುತ್ತ ಸಂಧಿಯ ಮಾತೆತ್ತಿದನು. "ಇವತ್ತೊಂದಿನ ಚಿನ್ನೀನ ನಾ ಕರ್ಕೊಂಡು ಹೋಗ್ಲೇನು?"

"ಬ್ಯಾಡ್ರಿ. ಹ್ವಾದ ವಾರ ಗ್ರೀಸ್ ಡಬ್ಬಿಯಾಗ ಮೊಣಕೈತನಕ ಅದ್ದಿದ್ಲು. ತೊಳಿಯೂದ್ರಾಗ ನಂಗ ಸಾಕಾತು." ಹೀಗೆಂದು ದಾಕ್ಷಾಯಣಿಯು ಸೌಟನ್ನು ಖಡ್ಗದಂತೆ ಮೇಲೆತ್ತಿ ಘೋರಪ್ರತಿಜ್ಞೆ ಮಾಡಿದಳು: "ಊಟ ಮಾಡ್ಸಿ ಆಕಿನ್ನ ಮಲಗಸ್ತೀನಿ. ಮೀಟಿಂಗ್ ಮುಗಿಯೂತನಕ ಆಕಿ ಕಣ್ಣು ತೆಗದ್ಲಂದ್ರ ನನ್ ಹೆಸ್ರು ದಾಕ್ಷಾಯಣೀನ ಅಲ್ಲ!"

"ಹೆಸ್ರಿನ ಮಾತೊಂದು ಬ್ಯಾಡ," ಎಂದನು ಮಲ್ಲಿಕಾರ್ಜುನ, "ಆಧಾರ್ ಕಾರ್ಡ್ ಮತ್ತ ಮಾಡಸ್ಬೇಕಾಗ್ತೈತಿ." ಹಾಗೆಂದು ರಣರಂಗದಿಂದ ಗೌರವಯುತವಾಗಿ ಹಿಂದೆ ಸರಿದನು.

ಮೊದಲನೆಯದು ನಿದ್ರಾಸ್ತ್ರಪ್ರಯೋಗ. ತೊಡೆಯ ಮೇಲೆ ಶತ್ರುವನ್ನು ಮಲಗಿಸಿಕೊಂಡು, ಬೆನ್ನು ತಟ್ಟುತ್ತ, ತನ್ನ ಅವ್ವನಿಂದ ಕಲಿತ ಜೋಗುಳವನ್ನೂ, ಅದು ಮುಗಿದ ಮೇಲೆ ಅದೇ ರಾಗಕ್ಕೆ ಕಿರಾಣಿ ಸಾಮಾನುಗಳ ಹೆಸರುಗಳನ್ನೂ ಹಾಡಿ, ಕಾಲು ಜೋಮು ಹಿಡಿದರೂ ಧೃತಿಗೆಡದೆ, ಆ ವೀರಮಾತೆಯು ಚಿನ್ನಿಯ ರೆಪ್ಪೆಗಳನ್ನು ಅರ್ಧದವರೆಗೆ ಇಳಿಸಿದಳು. ಮುಕ್ಕಾಲಿಗೂ ಇಳಿಸಿದಳು. ಇನ್ನೇನು ಕೋಟೆ ಕೈವಶವಾಯಿತೆನ್ನುವಷ್ಟರಲ್ಲಿ, ಮೀಟಿಂಗ್ ಹತ್ತಿರವಾಯಿತೆಂದು ಎಚ್ಚರಿಸುವ ಸ್ವಾಮಿನಿಷ್ಠೆಯಿಂದ ಲ್ಯಾಪ್‌ಟಾಪು "ಟಿಣ್" ಎಂದಿತು. ಚಿನ್ನಿ ಎದ್ದು ಕೂತಳು. ಲೋಕದಲ್ಲಿ ಅಷ್ಟು ಎಚ್ಚರವಾಗಿ ಯಾರೂ ಎಂದೂ ಎದ್ದಿರಲಿಲ್ಲ.

"ಬೆಲ್ ಆತು!" ಎಂದಳು.

"ಬೆಲ್ ಅಲ್ಲ ನಮ್ಮವ್ವಾ, ಮಲ್ಕೋ."

"ನಾನೂ ಕೆಲ್ಸಾ ಮಾಡ್ತೀನಿ!"

ಅನಂತರ ಚುರುಮುರಿವ್ಯೂಹ. ಅಗಲವಾದ ತಾಟಿನಲ್ಲಿ ಚುರುಮುರಿ ಸುರಿದು, ಮೂಲೆಯಲ್ಲಿ ಚಿನ್ನಿಯನ್ನು ಕೂರಿಸಿ, "ಒಂದೊಂದ ಆರಿಸಿ ಆರಿಸಿ ಈ ವಾಟಗದಾಗ ಹಾಕವಾ, ಜಾಣಿ," ಎಂದು ದೀರ್ಘಕಾಲೀನ ಉದ್ಯೋಗವನ್ನು ವಹಿಸಿ, ದಾಕ್ಷಾಯಣಿಯು ಸೀರೆಯ ಸೆರಗು ಸರಿಪಡಿಸಿಕೊಂಡು, ಮೂಗಿನ ಮೇಲಿನ ಗಂಜಿಯನ್ನೊರಸಿ ತೆರೆಯ ಮುಂದೆ ಕೂತಳು.

ತೆರೆಯಲ್ಲಿ ಪ್ರಧಾನ ಸಂಪಾದಕರಾದ ರಾಮಪ್ರಿಯ ಅಯ್ಯಂಗಾರರು ಉದಯಿಸಿದರು. ಶುಭ್ರಕೇಶ, ದಪ್ಪ ಕನ್ನಡಕ. ಪ್ರಶ್ನೆಯೂ ತೆರೆಯ ಮೇಲೆ ಮೂಡಿತು: 'ಔ' ಅಕ್ಷರಕ್ಕೆ ಯಾವ ಚಿತ್ರ? ಎಡಗಡೆ ಔಡಲದ ಗಿಡ, ಅಯ್ಯಂಗಾರರ ಪಕ್ಷ. ಬಲಗಡೆ ಔಷಧಿಯ ಗುಲಾಬಿ ಬಾಟಲಿ, ದಾಕ್ಷಾಯಣಿಯ ಪಕ್ಷ.

"ನೋಡಮ್ಮ," ಎಂದು ಅಯ್ಯಂಗಾರರು ಗಂಭೀರವಾಗಿ ತೊಡಗಿದರು, "ನಾನು ಓದಿದ್ದು ಔಡಲ, ನಮ್ಮಪ್ಪ ಓದಿದ್ದು ಔಡಲ. ನಾನು ಈ ಕುರ್ಚೀಲಿರೋವರೆಗೂ ಔಡಲ ಕದಲಲ್ಲ. ಔಷಧಿ ಬಾಟ್ಲಿ ನೋಡಿದ್ರೆ ಮಗು ಅದನ್ನ ಶರಬತ್ತು ಅಂದ್ಕೊಳ್ಳುತ್ತೆ."

"ಸರ್, ಈಗಿನ ಹುಡುಗ್ರು ಔಡಲದ ಗಿಡಾನ ನೋಡಿಲ್ರಿ..."

ಮಾತು ಅಲ್ಲಿಗೇ ಕಡಿಯಿತು. ಚುರುಮುರಿಯ ಮೂಲೆ ನಿಶ್ಶಬ್ದವಾಗಿತ್ತು. ಮಕ್ಕಳಿರುವ ಮನೆಯಲ್ಲಿ ನಿಶ್ಶಬ್ದಕ್ಕಿಂತ ಭಯಂಕರವಾದ ರಣಕಹಳೆ ಬೇರೆಯಿಲ್ಲವಷ್ಟೆ. ದಾಕ್ಷಾಯಣಿ ತಿರುಗಿ ನೋಡುವಷ್ಟರಲ್ಲಿ ಮೈಯೆಲ್ಲ ಒದ್ದೆಯಾದ ಚಿನ್ನಿಯು ಕುರ್ಚಿಯ ಕಾಲು, ಅವ್ವನ ಮೊಣಕಾಲು, ಸೆರಗು ಎಂಬ ಮೂರು ಮೆಟ್ಟಿಲುಗಳನ್ನೇರಿ ತೊಡೆಯ ಶಿಖರವನ್ನು ಆಕ್ರಮಿಸಿದ್ದಳು. ತಳ್ಳಿದರೆ ಅಳು, ಬಿಟ್ಟರೆ ಅನಾಹುತ. ಮೂರು ತಿಂಗಳ ತಪಸ್ಸು ಕಣ್ಣೆದುರೇ ನೀರಾಗುತ್ತಿತ್ತು.

ಚಿನ್ನಿ ತೆರೆಯನ್ನು ನೋಡಿದಳು. ಗುಲಾಬಿ ಬಾಟಲಿಯನ್ನು ನೋಡಿದಳು. ಚಿತ್ರದಲ್ಲಿ ಅದರ ಪಕ್ಕದಲ್ಲಿದ್ದ ಚಮಚವನ್ನೂ ನೋಡಿದಳು. ಮುಖ ಕಿವುಚಿಕೊಂಡು, ಓಣಿಯ ಮಗ್ಗಗಳೆಲ್ಲ ಕ್ಷಣ ಸ್ತಬ್ಧವಾಗುವಂತೆ ಅರಚಿದಳು:

"ಔಸ್ದಿ ಬ್ಯಾಡಾ! ಯವ್ವಾ, ಔಸ್ದಿ ಬ್ಯಾಡಾ!"

ಅಯ್ಯಂಗಾರರು ಕನ್ನಡಕ ತೆಗೆದರು.

"ಯಾರದಮ್ಮ ಆ ಮಗು?"

"ನಂದೇರಿ, ಸರ್." ಇನ್ನು ಮುಚ್ಚಿಡುವುದೇನಿತ್ತು? "ಮಲಗ್ಸಾಕ ಭಾಳ ನೋಡಿದ್ನಿ. ಆಗ್ಲಿಲ್ರಿ."

"ಇರ್ಲಿ, ಇರ್ಲಿ. ಆ ಕಡೆ ಚಿತ್ರ ಏನು, ಕೇಳಿ ನೋಡೋಣ."

ದಾಕ್ಷಾಯಣಿ ಔಡಲದ ಎಲೆಯ ಮೇಲೆ ಬೆರಳಿಟ್ಟಳು. "ಚಿನ್ನಿ, ಇದೇನವಾ?"

ಚಿನ್ನಿ ಬಿಕ್ಕು ನಿಲ್ಲಿಸಿ, ಬೆರಳು ಬಿಡಿಸಿದಂತಿದ್ದ ಆ ಎಲೆಯನ್ನು ನ್ಯಾಯಾಧೀಶರಂತೆ ದಿಟ್ಟಿಸಿ, "ಕೈ," ಎಂದಳು.

ಅಯ್ಯಂಗಾರರ ಮೀಸೆಯಂಚು ನಡುಗಿತು. ಮೊದಲು ಕೆಮ್ಮು, ಬಳಿಕ ನಗು, ಕೊನೆಗೆ ಕಣ್ಣೊರಸಿಕೊಳ್ಳುವಷ್ಟು ನಗು. "ಸೋತೆ ಕಣಮ್ಮ. ಔಷಧೀನೇ ಇರ್ಲಿ. ನೀವೂ ಇರಿ, ಕೆಲ್ಸ ಬಿಡ್ಬೇಡಿ. ಮೀಟಿಂಗ್ ಮಾತ್ರ ಇನ್ಮೇಲೆ ಮಗು ಮಲಗೋ ಹೊತ್ತಿಗೇ ಇಟ್ಕೊಳ್ಳೋಣ. ಎಷ್ಟೊತ್ತಿಗೆ ಮಲಗುತ್ತೆ?"

ಯಾವ ವೀರರಿಗೂ ಎದುರಾಗದಿದ್ದ ಆ ಕಠಿಣಪ್ರಶ್ನೆಗೆ ದಾಕ್ಷಾಯಣಿ ಸತ್ಯವನ್ನೇ ನುಡಿದಳು: "ಅದು ಆಕೀಗೇ ಗೊತ್ರಿ, ಸರ್."

ದೇವತೆಗಳು ಪುಷ್ಪವೃಷ್ಟಿ ಮಾಡಲಿಲ್ಲ. ಚಿನ್ನಿ ಚುರುಮುರಿಯ ವೃಷ್ಟಿ ಮಾಡಿದಳು. ಬಳಿಕ, ಮಲಗೆಂದು ಯಾರೂ ಹೇಳದಿದ್ದುದರಿಂದ, ಅಲ್ಲೇ ತೊಡೆಯ ಮೇಲೆ ಮಲಗಿಬಿಟ್ಟಳು. ದಾಕ್ಷಾಯಣಿ ಅಲುಗಾಡದೆ, ಒಂದೇ ಕೈಯಲ್ಲಿ ಉಳಿದ ಪುಟಗಳನ್ನು ತಿದ್ದಿದಳು. ಯಾಕೋ ನಗು ಬರುತ್ತಲೇ ಇತ್ತು.

ಸಂಜೆ ಮಲ್ಲಿಕಾರ್ಜುನ ಬಂದಾಗ ನೆಲದ ತುಂಬ ಚುರುಮುರಿ, ನಡುವೆ ಅವ್ವ ಮಗಳು.

"ಏನಾತು?"

"ಗೆದ್ದ್ನಿ! ಕೆಲ್ಸ ಉಳೀತು!"

"ಭೇಷ್! ಮತ್ತ ಇಷ್ಟ್ ದೊಡ್ಡ ಮೀಟಿಂಗಿನ್ಯಾಗ ಏನೇನು ಮುಗಿಸಿದ್ರಿ?"

ದಾಕ್ಷಾಯಣಿ ಸ್ವಲ್ಪ ಯೋಚಿಸಿದಳು. "ಔ ಮುಗೀತು," ಎಂದಳು. "ನಾಳೆ ಅಂ ಐತಿ."

"ಅಂ ಅಂದ್ರ?"

"ಅಂಗಿ."

ಮಲ್ಲಿಕಾರ್ಜುನನು ಮಗಳನ್ನು ಮೇಲಿಂದ ಕೆಳಗೆ ನೋಡಿದನು. "ಅದು ನಾಳೆ ನೋಡೂಣು. ಈಗ ಇಕಿ ಅಂಗಿ ಎಲ್ಲೈತಿ?"

ಕುಡಿಯುವ ನೀರಿನ ಕೊಡದಲ್ಲಿತ್ತು.