ಒಂಬತ್ತು ನಿಮಿಷದ ಚಿಕಿತ್ಸೆ

ಬಿಸ್ಕತ್ತು ಕಾರ್ಖಾನೆಯ ಬಾಗಿಲಲ್ಲಿ ಬೆರಳೊತ್ತುವ ಯಂತ್ರ ಎಂಟೂ ಮೂವತ್ತನಾಲ್ಕು ಎಂದು ಕೆಂಪಗೆ ಕಣ್ಣು ಬಿಟ್ಟಿತು. ಕೆಲಸ ಶುರುವಾಗುವುದು ಎಂಟೂವರೆಗೆ. ಡಬ್ಬಿ ಡಾಕ್ಟರ ಕೈಗಡಿಯಾರದಲ್ಲಿ ಇನ್ನೂ ಎಂಟೂ ಇಪ್ಪತ್ತೈದು.

"ಈ ವಾರ ಮೂರನೇ ಸಲ ಲೇಟು," ಎಂದರು ಮ್ಯಾನೇಜರಮ್ಮ, ನಿಯಮಗಳನ್ನು ತಾವೇ ಹೆತ್ತವರಂತೆ. "ಶನಿವಾರ ರಜಾ ಇಲ್ಲ."

ಶನಿವಾರ ಡಾಕ್ಟರ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ. "ಅಪ್ಪ ಮುಂದಿನ ಸಾಲಲ್ಲಿ ಇಲ್ಲ ಅಂದ್ರೆ ನಾನು ನಿಲ್ಲೋದೇ ಇಲ್ಲ, ಕೂತ್ಬಿಡ್ತೀನಿ" ಎಂದು ಆ ಮರ ಹಟ ಹಿಡಿದಿತ್ತು.

ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇರುವಂತೆ, ಕಾರ್ಖಾನೆಯ ಜೀವ ಮೂಲೆಕೋಣೆಯ ಎರಡು ಸರ್ವರ್ ಡಬ್ಬಿಗಳಲ್ಲಿತ್ತು. ಯಾವ ಟ್ರೇ ಎಷ್ಟು ಹೊತ್ತಿಗೆ ಒಲೆಗೆ ಹೋಯಿತು, ಯಾರು ಯಾವಾಗ ಬಂದರು, ಎಲ್ಲವೂ ಅಲ್ಲಿನ ಡೇಟಾಬೇಸಿನಲ್ಲಿ. ಅವುಗಳ ಆರೈಕೆಯಿಂದಲೇ ಅವರಿಗೆ ಡಬ್ಬಿ ಡಾಕ್ಟರೆಂಬ ಹೆಸರು. ಹೋಗಿ ನೋಡಿದರೆ, ಹೊರಗಿನಿಂದ ಸರಿಯಾದ ಸಮಯ ಕೇಳಿಕೊಳ್ಳುವ ತಂತಿ ಕಳಚಿ ನೇತಾಡುತ್ತಿತ್ತು. ಎರಡೂ ಡಬ್ಬಿಗಳು, ಅವನ್ನೇ ನಂಬಿದ ಬಾಗಿಲ ಯಂತ್ರವೂ, ಒಂಬತ್ತು ನಿಮಿಷ ಮುಂದೆ ಓಡಿದ್ದವು.

"ಹಿಂದಕ್ಕೆ ತಿರುಗಿಸಿಬಿಡಿ ಸಾರ್," ಎಂದರು ಒಲೆ ಮೇಸ್ತ್ರಿ. "ನಮ್ಮತ್ತೆ ಕುರ್ಚಿ ಹತ್ತಿ ಗೋಡೆ ಗಡಿಯಾರ ತಿರುಗ್ಸಲ್ವಾ?"

"ನಡೀತಿರೋವಾಗ್ಲೇ ತಿರುಗಿಸಿದ್ರೆ, ಒಲೆಗೆ ಹೋಗೋಕೆ ಮುಂಚೇನೇ ಬಿಸ್ಕತ್ತು ಬೆಂದು ಹೊರಗೆ ಬಂತು ಅಂತ ಬರ್ಕೊಳ್ಳತ್ತೆ ಕಣ್ರೀ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ!"

"ಮತ್ತೇನ್ ಮಾಡೋದು?"

"ಡೇಟಾಬೇಸ್ ಮಲಗಿಸಿ, ಗಡಿಯಾರ ಸರಿ ಮಾಡಿ, ಒಂಬತ್ತು ನಿಮಿಷ ಸುಮ್ನೆ ಕಾಯೋದು. ಅದು ಕೊನೇಲಿ ಬರ್ಕೊಂಡಿದ್ದ ಹೊತ್ತನ್ನ ನಿಜವಾದ ಹೊತ್ತು ದಾಟಿದ ಮೇಲೆ ಎಬ್ಬಿಸೋದು. ಅಲ್ಲೀವರೆಗೆ ಕಾಗದದ ಮೇಲೆ ಬರ್ಕೊಳಿ."

ಸುಮ್ಮನೆ ಕಾಯುವುದು! ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಎರಡನೇ ನಿಮಿಷಕ್ಕೆ ಮೇಸ್ತ್ರಿ "ಎದ್ದಿತಾ?" ಎಂದು ಇಣುಕಿದರು. ನಾಲ್ಕನೆಯದಕ್ಕೆ, ಕಾಗದ ಸಾಲದೆಂದು ಯಾರೋ ಬಿಸ್ಕತ್ತಿನ ಪೊಟ್ಟಣ ಹರಿದು ಬರೆಯತೊಡಗಿದರು. ಏಳನೆಯದಕ್ಕೆ ಪ್ಯಾಕಿಂಗ್ ಅಕ್ಕ ಮೆಲ್ಲಗೆ ಗುಂಡಿಯತ್ತ ಬೆರಳು ಚಾಚಿದರು.

"ಅಕ್ಕಾ, ಮುಟ್ಬೇಡಿ!" ಡಾಕ್ಟರು ಮರಿಗಳನ್ನು ಮುಚ್ಚಿಕೊಳ್ಳುವ ಕೋಳಿಯಂತೆ ಎರಡೂ ತೋಳು ಹರಡಿ ನಿಂತರು.

"ಅಯ್ಯೋ, ಪಾಪ ಮೈ ತಣ್ಣಗಾಗ್ತಿತ್ತಪ್ಪ, ಅದಕ್ಕೇ ಎಬ್ಬಿಸೋಕೆ ಹೋದೆ!"

ಒಂಬತ್ತು ನಿಮಿಷ ಕಳೆದ ಮೇಲೆ, ಇರಲಿ ಎಂದು ಇನ್ನೊಂದು ನಿಮಿಷ ಕಾದು ಎಬ್ಬಿಸಿದರು. ಎರಡೂ ಡಬ್ಬಿಗಳು ಕೈಗಡಿಯಾರದ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿದವು. ಒಂದು ಬಿಸ್ಕತ್ತೂ ಬೇಯುವ ಮೊದಲು ಹುಟ್ಟಿರಲಿಲ್ಲ.

ಡಾಕ್ಟರು ಎದೆಯುಬ್ಬಿಸಿ ಮ್ಯಾನೇಜರಮ್ಮನ ಮುಂದೆ ನಿಂತರು. "ವಾರವೆಲ್ಲಾ ಗಡಿಯಾರ ಒಂಬತ್ತು ನಿಮಿಷ ಮುಂದಿತ್ತು ಮೇಡಂ. ನಾನು ಲೇಟಲ್ಲ."

"ಬರೆದುಕೊಡಿ."

ಬರೆದು ಸಹಿ ಹಾಕಿದರು. ಮ್ಯಾನೇಜರಮ್ಮ ಮೂರೂ ಲೇಟು ಅಳಿಸಿದರು. ಡಾಕ್ಟರು ಮನಸ್ಸಿನಲ್ಲೇ ಮುಂದಿನ ಸಾಲಿನ ಕುರ್ಚಿಗೆ ಒರಗಿದರು.

"ಒಂದ್ನಿಮಿಷ. ಸೋಮ, ಮಂಗಳ, ಬುಧ, ಯಂತ್ರ ಐದು ತೋರಿಸಿದ ಕೂಡ್ಲೆ ಹೊರಟಿದ್ದೀರಿ. ಆಗ ನಿಜವಾಗಿ ಎಷ್ಟು ಗಂಟೆ?"

ಡಾಕ್ಟರು ಬೆರಳು ಮಡಚಿ ಲೆಕ್ಕ ಹಾಕಿದರು. "ಐದಕ್ಕೆ... ಒಂಬತ್ತು ನಿಮಿಷ ಇತ್ತು."

"ಬೇಗ ಹೋಗೋದಕ್ಕೂ ಅದೇ ನಿಯಮ. ಮೂರು ಸಲ. ಶನಿವಾರ ಬನ್ನಿ." ಅವರು ಪಟ್ಟಿಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. "ನೀವೊಬ್ರೇ ಅಲ್ಲ. ಎಲ್ಲರೂ ಬನ್ನಿ."

ಹೊರಗೆ ಇಡೀ ಕಾರ್ಖಾನೆ ಕಿವಿಗೊಟ್ಟು ನಿಂತಿತ್ತು. ಪ್ಯಾಕಿಂಗ್ ಅಕ್ಕ ಸೊಂಟದ ಮೇಲೆ ಕೈಯಿಟ್ಟರು.

"ಭಾರಿ ಕೈಗುಣ ಕಣಪ್ಪ ಡಾಕ್ಟ್ರೇ ನಿಮ್ದು! ಒಬ್ಬರಿಗಿದ್ದ ಜ್ವರಾನ ಊರಿಗೆಲ್ಲ ಹಂಚಿದ್ರಿ."